ಓಂಕಾರೇಶ್ ಮೇಷ್ಟ್ರ ಕರ್ಜಿಕಾಯಿ

ತರೀಕೆರೆ-ಅಜ್ಜಂಪುರ ಬಸ್ಸಿನಲ್ಲಿ ದಿನಾ ನನ್ನ ಪಕ್ಕ ಕೂರುವ ಓಂಕಾರೇಶ್ ಮೇಷ್ಟ್ರು ಇಪ್ಪತ್ತೆರಡು ವರ್ಷದಿಂದ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತಾ, ತಮ್ಮ ಗೊಂದಲವನ್ನು ವರ್ಷ ವರ್ಷವೂ ಹೆಚ್ಚಿಸಿಕೊಂಡಿದ್ದಾರೆ. ಅವರ ಶಬ್ದಕೋಶದಲ್ಲಿ ಜೀವಕೋಶದ್ದೇ ದರ್ಬಾರು. ಬಸ್ಸು ತುಂಬಿದರೆ ಭ್ರೂಣ ನೆನಪಾಗುತ್ತದೆ. "ನಮ್ಮನ್ನ ಒಳಗೆ ಸರಿಸೋಕೆ ಕಂಡಕ್ಟರ್ ಗಂಟಲು ಹರ್ಕೋಬೇಕು. ಬಸಿರಲ್ಲಿ ಸಾವಿರಾರು ಕೋಶ ಒಂದನ್ನೊಂದು ಹಿಡ್ಕೊಂಡು ತಾವೇ ಸರೀತಾವೆ. ಅವಕ್ಕೆ ಹೇಳೋರ್ಯಾರು?" ನನಗೆ ಗೊತ್ತಿಲ್ಲವೆಂದರೆ, "ನಂಗೂ ಗೊತ್ತಿಲ್ಲ ಕಣ್ರೀ" ಎಂದು ಸಂತೋಷಪಡುತ್ತಾರೆ. ಟಿಫನ್ ಡಬ್ಬಿಯಲ್ಲಿ ತರಗತಿಗೆ ಕಣಕ ಒಯ್ದು, ಭ್ರೂಣದಲ್ಲಿ ಹಾಳೆಯಂತೆ ಚಪ್ಪಟೆಯಾಗಿದ್ದ ಕೋಶಗಳು ಮಡಿಚಿಕೊಂಡು ಬೆನ್ನುಹುರಿಯಾಗುವ ಬಗೆಯನ್ನು ಕರ್ಜಿಕಾಯಿ ಮಡಿಚಿ ತೋರಿಸುತ್ತಾರೆ. ಅಂಚು ಪೂರ್ತಿ ಕೂಡುವವರೆಗೆ, ಗಂಟೆ ಹೊಡೆದರೂ ಯಾರನ್ನೂ ಬಿಡುವುದಿಲ್ಲ. "ಬೇಗ ಮುಚ್ಚಿ ಸಾರ್, ಎಣ್ಣೆ ಕಾದೈತೆ" ಎಂದು ಹಿಂದಿನ ಬೆಂಚು ಗೇಲಿ ಮಾಡುತ್ತದೆ. ಅವರ ಮೊದಲ ಮಗು ಹೀಗೆಯೇ ಬೆನ್ನುಹುರಿಯ ಅಂಚು ಕೂಡದೆ ಹುಟ್ಟಿ ಹನ್ನೊಂದೇ ದಿನ ಬದುಕಿತ್ತೆಂದು ನನಗೆ ತಿಳಿದದ್ದು ನಿನ್ನೆ, ಬಸ್ಸಿನಲ್ಲಿ ಅವರೇ ಹೇಳಿದಾಗ. ಆಮೇಲೆ ಹುಟ್ಟಿದ ಮಗಳು ಅಶ್ವಿನಿ ಈಗ ಐದು ತಿಂಗಳ ಬಸುರಿ. ನಿನ್ನೆ ಶಿವಮೊಗ್ಗದಲ್ಲಿ ಅವಳ ಸ್ಕ್ಯಾನಿಂಗ್ ಇತ್ತು. ಮೇಷ್ಟ್ರು ಫೋನು ಹಿಡಿದು ಕೂತಿದ್ದರು. ಕೊನೆಗೂ ಅದು ಬಡಿದುಕೊಂಡಿತು. "ಅಪ್ಪಾಜಿ, ಮಗೂ ಬೆನ್ನು ಸರಿಯಾಗಿ ಕೂಡೈತಂತೆ." ಅವರು ಎದ್ದು ನಿಂತರು. "ಈಗ ಯಾರಿಗೆ ಕೈ ಮುಗೀಬೇಕು ಕಣ್ರೀ?" ಎಂದು ನನ್ನನ್ನು ಕೇಳಿದರು. ಯಾವ ಕಡೆ ತಿರುಗಬೇಕೆಂದು ತಿಳಿಯದೆ, ಬಸ್ಸಿನಲ್ಲಿದ್ದ ನಮಗೆಲ್ಲ ಕೈ ಮುಗಿದುಬಿಟ್ಟರು.