ಉಜ್ಜಿದಷ್ಟೂ ಹಬ್ಬಿದ್ದು

ದೇವಿರಮ್ಮನ ಹಿತ್ತಿಲಲ್ಲಿ ಯಾರೂ ಜಾರಿ ಬಿದ್ದವರಿಲ್ಲ ಎನ್ನುವುದು ಸೋಮನಹಳ್ಳಿಯ ಅವಳ ಬೀದಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರನ್ನು ಅವಳೇ ಕೂರಿಸಿಕೊಂಡು ಹೇಳುತ್ತಿದ್ದಳು. ಮಳವಳ್ಳಿ ಕಡೆಯಿಂದ ಮದುವೆಯಾಗಿ ಬಂದಾಗ ಅತ್ತೆ ಒಪ್ಪಿಸಿದ ಮೊದಲ ಕೆಲಸವೇ ಒಗೆಯೋ ಕಲ್ಲಿನ ಹಾವಸೆ ಉಜ್ಜುವುದು. ಆಮೇಲೆ ಗದ್ದೆ ಬೇರೆಯವರಿಗೆ ವಾರಕ್ಕೆ ಹೋಯಿತು, ಅಡುಗೆಮನೆ ಸೊಸೆಯ ಕೈಸೇರಿತು, ಕಲ್ಲನ್ನು ಮಾತ್ರ ದೇವಿರಮ್ಮ ಬಿಟ್ಟುಕೊಡಲಿಲ್ಲ. ಸೋಮವಾರ ಬಂತೆಂದರೆ ಸೀರೆ ಎತ್ತಿಕಟ್ಟಿ, ಇಟ್ಟಿಗೆ ಚೂರು, ತೆಂಗಿನ ನಾರು ಹಿಡಿದು ಕೂರುವಳು. ಕಲ್ಲು ಹೊಳೆಯುವ ತನಕ ತಿಕ್ಕಿ, ನೀರು ಸುರಿದು, ಆ ಹಸಿರು ಹುಡಿಯನ್ನೆಲ್ಲ ಬಚ್ಚಲ ಕಡೆಗೆ ತಳ್ಳುವಳು.

ಮಗ ಶಶಿಧರ ಭಾರತೀನಗರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಪಾಠಕ್ಕೆ ಹಾವಸೆ ಬೇಕಾದಾಗ ಅವ್ವ ಉಜ್ಜುವ ಮೊದಲೇ ಒಂದು ಹಿಡಿ ಕಿತ್ತು ಟಿಫನ್ ಡಬ್ಬಿಗೆ ಹಾಕಿಕೊಳ್ಳುತ್ತಿದ್ದ. ಇದಕ್ಕೆ ನಿಜವಾದ ಬೇರಿಲ್ಲ, ಕೂದಲಿನಂಥ ಎಳೆಗಳು ಕಲ್ಲನ್ನು ಕಚ್ಚಿಕೊಂಡಿರುತ್ತವೆ ಅಷ್ಟೆ, ಎಂದು ಮಕ್ಕಳಿಗೆ ತೋರಿಸುವನು. ಗಿಡ್ಡ ಕಾಂಡ, ಅದರ ಸುತ್ತ ಎಲೆ. ಎಲೆಯೋ ಹೆಚ್ಚುಕಡಿಮೆ ಒಂದೇ ಪದರ ಜೀವಕೋಶ. ಹೊಸ ಗಿಡಕ್ಕೆ ಗಂಡು ಹೆಣ್ಣು ಕೂಡಲೇಬೇಕೆಂದಿಲ್ಲ. ಎಲೆಯದೋ ಕಾಂಡದ್ದೋ ಒಂದು ಚೂರು ತೇವದ ಜಾಗಕ್ಕೆ ಬಿದ್ದರೂ ಸಾಕು. ಅದರಿಂದ ಹಸಿರು ದಾರಗಳು ಹರಡಿ, ಅವುಗಳ ಮೇಲೆ ಮೊಗ್ಗು ಮೂಡಿ, ಒಂದೊಂದು ಮೊಗ್ಗೂ ಒಂದೊಂದು ಗಿಡವಾಗುತ್ತದೆ.

ಹೀಗೆ ಪಾಠ ಮಾಡುವವನ ಕಣ್ಣಿಗೆ ಹಿತ್ತಿಲು ಕಾಣದೆ ಇದ್ದೀತೆ? ಅವ್ವ ನೀರು ತಳ್ಳಿದ ದಾರಿಯಲ್ಲೇ ಹಾವಸೆ ಇಳಿದುಬಂದಿತ್ತು, ಕಲ್ಲಿನಿಂದ ಚರಂಡಿಗೆ, ಚರಂಡಿಯಿಂದ ಬಚ್ಚಲ ಹೊಸ್ತಿಲಿಗೆ. ಉಜ್ಜಿ ಉಜ್ಜಿ ನಮ್ಮವ್ವ ವಾರವಾರವೂ ನಾಟಿ ಹಾಕುತ್ತಾಳೆ ಎಂದು ತರಗತಿಯಲ್ಲಿ ಹೇಳಿ ನಗಿಸಿದ. ಮಕ್ಕಳು ನಕ್ಕರು, ಮರುವರ್ಷದವರೂ ನಕ್ಕರು. ಒಣಗಿದಾಗ ಕೆರೆದು ಒಲೆಗೆ ಹಾಕವ್ವ ಎಂದು ಅವಳಿಗೊಂದು ಮಾತು ಹೇಳಲು ಈ ಮಹಾರಾಯನ ನಾಲಿಗೆಗೆ ಏನಾಗಿತ್ತೋ. ಹೇಳಿದರಾಯಿತು ಅಂದುಕೊಂಡ, ಮರೆತ.

ಆಷಾಢದ ಜಡಿಮಳೆಯಲ್ಲಿ ದೇವಿರಮ್ಮ ಅದೇ ಹೊಸ್ತಿಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಮಂಡ್ಯದಲ್ಲಿ ಆಪರೇಷನ್ ಮಾಡಿ ರಾಡು ಹಾಕಿದ ಡಾಕ್ಟರು, ದಿನಾ ನಡೆದರೆ ಕಾಲು ಬರುತ್ತೆ, ಮಲಗಿಬಿಟ್ಟರೆ ಇಲ್ಲ ಎಂದರು. ದೇವಿರಮ್ಮ ನಡೆದಳು. ನೋವಿಗೆ ಕಣ್ಣಲ್ಲಿ ನೀರು ಬಂದರೂ ವಾಕರ್ ಹಿಡಿದು ಪಡಸಾಲೆ ಸುತ್ತಿದಳು. ತಾನೇ ಸರಿಯಾಗಿ ಉಜ್ಜಲಿಲ್ಲ, ಅದಕ್ಕೇ ಬಿದ್ದೆ ಎಂದು ನೋಡಲು ಬಂದವರಿಗೆಲ್ಲ ಹೇಳಿಕೊಂಡಳು. ದೀಪಾವಳಿ ಹೊತ್ತಿಗೆ ಕಲ್ಲಿನ ಹತ್ತಿರ ಹೋಗಲೇಬೇಕೆಂದು ಹಟ ಹಿಡಿದಿದ್ದಳು.

ಆ ಮಾತು ಕೇಳಿದಾಗಲೆಲ್ಲ ಶಶಿಧರನಿಗೆ ಮತ್ತೆ ಹೋಗಿ ಬಿದ್ದಾಳು ಎಂಬ ಭಯ ಒಂದು ಕಡೆ, ತನ್ನ ಎದೆಭಾರ ಇಳಿಸಿಕೊಳ್ಳುವ ಆಸೆ ಇನ್ನೊಂದು ಕಡೆ. ಒಂದು ಸಂಜೆ ಪಕ್ಕದಲ್ಲಿ ಕೂತು ಎಲ್ಲ ಬಿಡಿಸಿ ಹೇಳಿದ. ನಿನ್ನ ತಪ್ಪಲ್ಲವ್ವ, ಉಜ್ಜಿದ ಚೂರೇ ಹೊಸ್ತಿಲಿಗೆ ಹೋಗಿ ಬೆಳೆದದ್ದು ಎಂದ.

ದೇವಿರಮ್ಮ ಮಗನ ಮುಖ ನೋಡಿದಳು.

“ಇದ ಕಾಲೇಜಲ್ಲಿ ಯೋಳ್ಕೊಡ್ತಿದ್ದಾ?”

“ಹೂಂ ಕಣವ್ವ.”

“ನಂಗ್ಯಾಕ್ಲಾ ಯೋಳ್ನಿಲ್ಲ?”

ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಇಷ್ಟು ವರ್ಷ ಸವೆಸಿದ ತನ್ನ ಅಂಗೈ ನೋಡಿಕೊಂಡು ಗೋಡೆ ಕಡೆಗೆ ತಿರುಗಿದಳು.

ಮಾರನೆಯ ಬೆಳಗ್ಗೆ ಅವಳು ಏಳಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಶಶಿಧರ ವಾಕರ್ ತಂದು ಮಂಚದ ಪಕ್ಕ ನಿಲ್ಲಿಸಿ, ಎದ್ದು ನಾಕು ಹೆಜ್ಜೆ ಹಾಕವ್ವ, ಇಲ್ಲದಿದ್ದರೆ ಕಾಲು ಬರಲ್ಲ ಎಂದು ಗೋಗರೆದ.

“ಎದ್ದು ಎಲ್ಲಿಗೋಗ್ಲಿ ಮಗ?” ಎಂದಳು ದೇವಿರಮ್ಮ.