ನಾಯಕನ ಪಾಳಿ ಮಾಡಿದವರು ಯಾರು?

ಮಗಳು ದೀಪಾವಳಿಗೆಂದು ಒಂದು ಕನ್ನಡ ಕಾದಂಬರಿ ತರಿಸಿಕೊಟ್ಟಳು. ಅವಳಿಗೆ ಕನ್ನಡ ಓದಲು ಬರುವುದು ಅಷ್ಟಕ್ಕಷ್ಟೆ. ಮುಖಪುಟದ ಹಣತೆ, ರಂಗೋಲಿ, ನಗುವ ಹುಡುಗ-ಹುಡುಗಿಯನ್ನು ನೋಡಿ ಆರಿಸಿದ್ದು. ಬಿಡಿಸಿದರೆ ಹೊಸ ಪುಸ್ತಕದ ಅಂಟಿನ ವಾಸನೆ. ಮನೆ ಸ್ವಚ್ಛ ಮಾಡಿ ಸೊಂಟ ಬಿದ್ದುಹೋಗಿತ್ತು, ಮಂಚದ ಮೇಲೆ ಕಾಲು ಚಾಚಿ ಓದತೊಡಗಿದೆ. ಮೂರನೆಯ ಅಧ್ಯಾಯಕ್ಕೇ ನಾಯಕ ಆಫೀಸಿನ ಮೀಟಿಂಗನ್ನು ಅರ್ಧಕ್ಕೆ ಬಿಟ್ಟು ನಾಯಕಿಯ ಮನೆಯ ಹಬ್ಬಕ್ಕೆ ಓಡಿಬಂದ. ಆ ಮನೆಯಲ್ಲಿ ಚಕ್ಕುಲಿ, ಉಂಡಿ, ಕರ್ಚಿಕಾಯಿ ಎಲ್ಲ ತಯಾರಿವೆ. ಒಲೆಯ ಮುಂದೆ ನಿಂತವರು ಮಾತ್ರ ಒಬ್ಬರೂ ಇಲ್ಲ. ಅಲ್ಲಿಗೆ ಪುಸ್ತಕ ಮಡಚಿಟ್ಟೆ. ಹಿಂದೆ ಎದುರುಮನೆಯಲ್ಲಿದ್ದ ಕಾಕು ನೆನಪಾದರು, ಮರಾಠಿಯಲ್ಲಿ ಕಾಕು ಅಂದರೆ ಚಿಕ್ಕಮ್ಮ...

ಈಗ ನಾವಿರುವುದು ನಾಗಪುರದ ಬಜಾಜ್ ನಗರದಲ್ಲಿ. ಆಗ ಊರಾಚೆ ಕೋರಾಡಿಯ ವಿದ್ಯುತ್ ಸ್ಥಾವರದ ಕಾಲೊನಿಯಲ್ಲಿದ್ದೆವು. ಧಾರವಾಡದ ಕಡೆಯಿಂದ ಮದುವೆಯಾಗಿ ಬಂದ ನನಗೆ ಮರಾಠಿ ತಲೆಬುಡ ತಿಳಿಯುತ್ತಿರಲಿಲ್ಲ. ಎದುರು ಬಾಗಿಲಿನಿಂದ "ಚಹಾ ಆತೇನವಾ?" ಎಂದು ಕೇಳಿಸಿದ ದಿನ ಜೀವ ಬಂದಂತಾಗಿತ್ತು. ಕಾಕು ನಾಗಪುರದಲ್ಲೇ ಹುಟ್ಟಿ ಮರಾಠಿ ಶಾಲೆಯಲ್ಲಿ ಕಲಿತವರು. ಮನೆಮಾತು ಕನ್ನಡ, ಮಾತು ಅರಳು ಹುರಿದಂತೆ, ಅಕ್ಷರ ಮಾತ್ರ ಬರುತ್ತಿರಲಿಲ್ಲ.

ಅವರ ಯಜಮಾನರಿಗೆ, ಅಂದರೆ ಕಾಕಾ ಅವರಿಗೆ, ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಪಾಳಿ ಕೆಲಸ. ಬದಲಿಯವರು ಬಂದು ಕೂತ ಮೇಲೆಯೇ ಕುರ್ಚಿ ಬಿಟ್ಟು ಏಳಬೇಕು, ಅದು ಅಲ್ಲಿಯ ಕಟ್ಟುಪಾಡು. ಅವರಿಗೆ ಮಕ್ಕಳಿರಲಿಲ್ಲ. ಮಕ್ಕಳಿದ್ದವರು ಹಬ್ಬಕ್ಕೆ ಮನೆಯಲ್ಲಿರಲಿ, ನೀವು ಪಾಳಿ ಮಾಡಿ ಎಂದು ಜೊತೆಯವರು ಮದುವೆಯಾದ ಹೊಸತರಲ್ಲೇ ಒಮ್ಮೆ ಕೇಳಿದರು, ಕಾಕಾ ಹ್ಞೂಂ ಅಂದರು. ಆಮೇಲೆ ಅದೇ ವಾಡಿಕೆಯಾಯಿತು, ಕೇಳುವುದನ್ನೂ ಬಿಟ್ಟರು. ಮೆತ್ತಗಿದ್ದವರಿಗೆ ಮತ್ತೊಂದು ಗುದ್ದು. ಮದುವೆಯಾದಾಗಿನಿಂದ ಒಂದು ನರಕ ಚತುರ್ದಶಿಗೂ ಕಾಕು ಗಂಡನ ತಲೆಗೆ ಎಣ್ಣೆ ಹಚ್ಚಿ, ಆರತಿ ಮಾಡಿರಲಿಲ್ಲ. "ಊರ ತುಂಬ ಲೈಟ್ ಉರೀಬೇಕಂದ್ರ ಯಾರರ ಒಬ್ರು ಅಲ್ಲೆ ಕೂಡಬೇಕಲ್ಲ, ತಂಗಿ" ಎನ್ನುತ್ತಿದ್ದರು. ಹೇಳುವಾಗ ನನ್ನ ಮುಖ ನೋಡುತ್ತಿರಲಿಲ್ಲ.

ಒಂದು ವರ್ಷ ತವರಿನಿಂದ ಬರುವಾಗ ನಾನೊಂದು ಹಬ್ಬದ ಪ್ರೇಮಕಥೆ ತಂದಿದ್ದೆ. ಕಾಕು ಚಕ್ಕುಲಿ ಕರಿಯುತ್ತ ಕೂತರೆ ನಾನು ಪಕ್ಕದಲ್ಲಿ ಮಣೆ ಹಾಕಿಕೊಂಡು ಓದಿ ಹೇಳುತ್ತಿದ್ದೆ. ಓದಲು ಬಿಟ್ಟರೆ ತಾನೆ! ನಾಯಕ ಇದ್ದಕ್ಕಿದ್ದಂತೆ ಬಸ್ಸು ಹತ್ತಿದ ಅಂದರೆ ಜಾರಿ ಸೌಟು ಹಿಡಿದ ಕಾಕು ಅವರ ಕೈ ನಿಲ್ಲುತ್ತಿತ್ತು.

"ತಡಿ. ಇವನ ಪಾಳಿ ಯಾರು ಮಾಡಾಕತ್ತಾರ?"

"ಅವಂಗ ಪಾಳಿ ಇಲ್ರಿ ಕಾಕು, ಅವಂದು ಆಫೀಸು."

"ಆಫೀಸಾದ್ರೂ ಬದಲಿ ಇರಬೇಕಲ್ಲ? ಕುರ್ಚಿ ಖಾಲಿ ಬಿಟ್ಟು ಬರ್ತಾನಂದ್ರ ನಾಳೆ ಇಕಿನ್ನೂ ಹಂಗ ಬಿಟ್ಟು ಹೋಗಾಂವ."

ಬರೆದವರಿಗೆ ಹೊಳೆಯದ ಮಾತು ಅದು. ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದೆವು. ಆದರೂ ಮರುದಿನ ನಾನು ಹೋಗುವ ಹೊತ್ತಿಗೆ ಮಣೆ ಹಾಕಿಯೇ ಇರುತ್ತಿತ್ತು.

ಕೊನೆಯ ಅಧ್ಯಾಯ ಒಂದೇ ಉಳಿದಾಗ ಕಾಕು ನನ್ನನ್ನು ತಡೆದರು. "ಇದನ್ನ ಹಬ್ಬದ ಮುಂಜಾನಿ ಓದೂಣು. ಇವರೂ ಕೇಳಲಿ. ಈ ಸಲ ಎಣ್ಣಿ ಸ್ನಾನಕ್ಕ ಮನ್ಯಾಗ ಇರ್ರಿ ಅಂತ ಹೇಳೇನಿ." ಅಷ್ಟು ವರ್ಷಗಳಲ್ಲಿ ಅವರು ಗಂಡನನ್ನು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ರಾತ್ರಿ ಪಾಳಿ ಮುಗಿಸಿ ಬೆಳಕು ಹರಿಯುವುದರೊಳಗೆ ಬರುತ್ತೇನೆ ಎಂದು ಕಾಕಾ ಒಪ್ಪಿದ್ದರಂತೆ.

ಆ ಮುಂಜಾನೆ ಕಾಲೊನಿಯ ತುಂಬ ಪಟಾಕಿ. ಎಲ್ಲರ ಮನೆಯಲ್ಲೂ ಸ್ನಾನವಾಯಿತು, ಆರತಿಯಾಯಿತು, ಮಕ್ಕಳು ಹೊಸ ಬಟ್ಟೆ ತೊಟ್ಟು ಓಡಾಡಿದರು. ಕಾಕಾ ಬರಲಿಲ್ಲ. ಅವರ ಬದಲಿಯಾಗಿ ಬರಬೇಕಾದವನ ತಾಯಿಗೆ ಮೈ ಸರಿಯಿಲ್ಲ, ಅವನು ಬಂದಿಲ್ಲ ಎಂದು ಯಾರೋ ಬಂದು ಹೇಳಿದರು. ಹಂಡೆಯ ನೀರು ಆರುತ್ತಿತ್ತು, ಕಾಕು ಮತ್ತೆ ಕಾಯಿಸುತ್ತಿದ್ದರು.

ಬಿಸಿಲೇರಿದ ಮೇಲೆ ಹಬ್ಬದ ತಿಂಡಿಯ, ಅಂದರೆ ಫರಾಳದ ತಟ್ಟೆ, ಪುಸ್ತಕ ಹಿಡಿದು ನಾನು ಹೋದೆ. ಕಾಕಾ ಆಗತಾನೆ ಬಂದು ಮಣೆಯ ಮೇಲೆ ಕೂತಿದ್ದರು. ಕಾಕು ಹಿಂದೆ ಸ್ಟೂಲಿನ ಮೇಲೆ ಕೂತು ತಲೆಗೆ ಎಣ್ಣೆ ತಿಕ್ಕುತ್ತಿದ್ದರು. ನೋಡನೋಡುತ್ತಿದ್ದಂತೆ ಕಾಕಾ ಅವರ ತಲೆ ವಾಲಿ ಕಾಕು ಅವರ ಮೊಣಕಾಲಿಗೆ ಒರಗಿತು. ಕೂತಲ್ಲೇ ನಿದ್ದೆ. ನಾನು ತಿರುಗಿ ಹೊರಟರೆ ಕಾಕು ಕೈಸನ್ನೆ ಮಾಡಿ ಕೂರಿಸಿದರು.

"ಓದು ತಂಗಿ. ಸಾವಕಾಶ ಓದು, ಎಬ್ಬಿಸಬ್ಯಾಡ."

ಪಿಸುಮಾತಿನಲ್ಲಿ ಕೊನೆಯ ಅಧ್ಯಾಯ ಓದಿದೆ. ನಾಯಕ ಬಂದ, ಮುನಿಸು ಮುಗಿಯಿತು, ಅಂಗಳದ ತುಂಬ ದೀಪ. ಕಾಕು ಆ ದಿನ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎಣ್ಣೆಯ ಕೈಯನ್ನು ಆ ತಲೆಯ ಮೇಲೆ ಇಟ್ಟುಕೊಂಡೇ ಕೂತಿದ್ದರು.

ಮುಂದಿನ ಬೇಸಿಗೆಯಲ್ಲಿ ಕಾಕು ಹೋದರು. ಎದೆನೋವೆಂದು ಆಸ್ಪತ್ರೆಗೆ ಹೋದವರು ವಾಪಸು ಬರಲಿಲ್ಲ... ಆ ವರ್ಷದ ದೀಪಾವಳಿಗೆ ಜೊತೆಯವರು ಕಾಕಾ ಅವರಿಗೆ ತಾವಾಗಿಯೇ ಹೇಳಿದರಂತೆ, ಈ ಸಲ ನೀವು ಮನೆಯಲ್ಲಿರಿ ಎಂದು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೂ ಕೇಳಿ ನನಗೆ ಮೈ ಉರಿಯಿತು.

ಹಬ್ಬದ ಮುಂಜಾನೆ ಕಾಕಾ ನಮ್ಮ ಬಾಗಿಲಿಗೆ ಬಂದರು. ಸ್ನಾನವಾಗಿತ್ತು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಚಪ್ಪಲಿಯ ಮೇಲೇ ನಿಂತು ಕೇಳಿದರು: "ಆ ದಿನ ಪುಸ್ತಕದ ಕೊನೀದು ನಾ ಕೇಳಲೇ ಇಲ್ಲವಾ. ನಿದ್ದಿ ಹತ್ತಿತು. ಏನಾತು ಅದು?"

"ಅವರಿಬ್ಬರೂ ಒಂದಾದ್ರು ರೀ ಕಾಕಾ."

ತಲೆಯಾಡಿಸಿದರು. ಮತ್ತೆ ಕೇಳಿದರು, "ಅದನ್ನ ಕೇಳಿ ಅಕಿ ಏನಂದ್ಲು?"

"ಏನೂ ಅನ್ನಲಿಲ್ರಿ. ನಿಮ್ಮನ್ನ ಎಬ್ಬಿಸಬ್ಯಾಡ ಅಂದ್ರು, ಅಷ್ಟ."

ಅವರು ಹಾಗೇ ತಿರುಗಿ ಮನೆಗೆ ಹೋದರು. ಸಂಜೆ ನೋಡಿದರೆ ಬಾಗಿಲಿಗೆ ಬೀಗ. ಯಾರದೋ ಪಾಳಿ ಬೇಡಿಕೊಂಡು ಕೆಲಸಕ್ಕೆ ಹೋಗಿದ್ದರು.

ಕಾಕಾ ಕೂಡ ಈಗಿಲ್ಲ. ಈ ಕಾದಂಬರಿಯನ್ನು ನಿನ್ನೆ ಹೇಗೋ ಮುಗಿಸಿದೆ. ಪುಸ್ತಕ ಹೇಗನಿಸಿತೆಂದು ಮಗಳು ಫೋನಿನಲ್ಲಿ ಮರಾಠಿಯಲ್ಲೇ ಕೇಳಿದಳು, "ಕಶೀ ವಾಟಲೀ, ಅವ್ವಾ?" ಚಲೋ ಐತಿ ಅಂದೆ. ಇಷ್ಟಪಟ್ಟು ಕೊಟ್ಟಿದ್ದಾಳೆ, ಬೇರೆ ಏನು ಹೇಳಲಿ? ಕಾಕು ಹೋದ ಮೇಲೆ ನಾನು ಯಾರಿಗೂ ಕಥೆ ಓದಿ ಹೇಳಿಲ್ಲ. ಮನಸ್ಸಿನಲ್ಲೇ ಓದಿಕೊಳ್ಳುತ್ತೇನೆ, ಬೇಗ ಮುಗಿದುಹೋಗುತ್ತದೆ.