ದೊಡ್ಡದು ಮಾಡಿದ ದೀಪ

ನಮ್ಮ ಅತ್ತೆಗೆ ನನ್ನ ಮೇಲಿದ್ದ ಒಂದೇ ತಕರಾರು ಎಂದರೆ ನಾನು ಕರೆಂಟಿನ ಕೆಲಸ ಕಲಿತು ಬಂದ ಸೊಸೆ ಎಂಬುದು. ತೊರಗಲ್‌ನಲ್ಲಿ ಹುಟ್ಟಿದ ನಾನು ದಿನಾ ಬಸ್ಸಿನಲ್ಲಿ ರಾಮದುರ್ಗಕ್ಕೆ ಓಡಾಡಿ ಎಲೆಕ್ಟ್ರಿಶಿಯನ್ ಕೆಲಸ ಕಲಿತಿದ್ದೆ. ಬೈಲಹೊಂಗಲದ ಈ ಮನೆಗೆ ಬರುವಾಗ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಟೆಸ್ಟರು, ಇಕ್ಕಳ, ಸೋಲ್ಡರಿಂಗ್ ಕಡ್ಡಿಯನ್ನೂ ಇಟ್ಟುಕೊಂಡು ಬಂದೆ. ಬೀಗರು ಬಂದಾಗಲೆಲ್ಲ ಅತ್ತೆ, "ನಮ್ಮ ಸೊಸಿದು ರೊಟ್ಟಿ ಬಡಿಯೂದು ಅಷ್ಟಕ್ಕಷ್ಟ, ಆದ್ರ ಫ್ಯೂಜ್ ಚಲೋ ಕಟ್ಟತಾಳ ನೋಡ್ರಿ" ಎನ್ನುತ್ತಿದ್ದರು. ಅದು ಹೊಗಳಿಕೆಯೋ ಚಾಷ್ಟಿಯೋ ತಿಳಿಯದೆ ನಾನು ಒಳಗೊಳಗೇ ಉರಿಯುತ್ತಿದ್ದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಕೈಗೆ ಸಿಕ್ಕಿದ್ದರಲ್ಲಿ ಎಷ್ಟೋ ವಸ್ತುಗಳಿಗೆ ಡಬ್ಬಿ ಮಾಡಿದ್ದೇನೆ, ಈ ಸಿಟ್ಟಿಗೊಂದು ಮಾಡಲು ಇನ್ನೂ ಆಗಿಲ್ಲ.

ನಾದಿನಿ ಸವದತ್ತಿಯಿಂದ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಹೆಣ್ಣು ಕೂಸು ಹುಟ್ಟಿತು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ತಾವೇ ಹೊಲಿದ ಕೌದಿ ಹಾಸಬೇಕೆಂದು ಅತ್ತೆಯ ಹಟ. ಮಾವನ ಧೋತರ, ತಮ್ಮ ಇಳಕಲ್ ಸೀರೆಯ ಸೆರಗು, ನಾದಿನಿಯ ಶಾಲೆಯ ಲಂಗ, ಎಲ್ಲ ಕತ್ತರಿಸಿ ಜೋಡಿಸಿ ಅರ್ಧ ಕೌದಿ ಹೊಲಿದೂ ಆಗಿತ್ತು. ಹಗಲೆಲ್ಲ ಎಣ್ಣೆ, ನೀರು, ಬಟ್ಟೆ ಎಂದು ಬಾಣಂತಿಯ ಚಾಕರಿ. ಹೊಲಿಯಲು ಸಿಗುವುದು ಸಂಜೆ ಮಾತ್ರ. ಸಂಜೆಯಾದರೆ ಪಡಸಾಲೆಯ ಟ್ಯೂಬ್‌ಲೈಟು ಅವರ ಬೆನ್ನ ಹಿಂದೆ.

"ನನ್ನ ಕೈ ನೆಳ್ಳ ಸೂಜಿ ಮ್ಯಾಲ ಬೀಳತೈತಿ. ಹೊಲಿಗಿ ಕಾಣವಲ್ದು" ಎಂದು ಒಂದು ಸಂಜೆ ಕೌದಿಯನ್ನು ಮಡಿಚಿಟ್ಟರು. "ಅಂಗಡ್ಯಾಗಿಂದ ಒಂದ ದುಪ್ಪಟಿ ತಂದ್ರಾತು ಬಿಡು."

ಬಾಯಲ್ಲಿ ಬಿಡು ಎಂದರೂ ಆ ಮಡಿಕೆಯ ಮೇಲೆ ಕೈ ಸವರುತ್ತಲೇ ಕುಳಿತಿದ್ದರು.

ಮರುದಿನವೇ ಪೇಟೆಯಿಂದ ಎಲ್‌ಇಡಿ ಪಟ್ಟಿ ತಂದೆ. ರೆಡಿ ದೀಪಕ್ಕೆ ದುಡ್ಡು ಸುರಿಯುವುದು ನನ್ನ ಜಾಯಮಾನವಲ್ಲ. ಮೊದಲು ಪಟ್ಟಿಯನ್ನು ಮೊಸರಿನ ಡಬ್ಬಿಯೊಳಗೆ ಅಂಟಿಸಿದೆ. ಬಿಸಿಯಾಗಿ, ಅಂಟು ಬಿಟ್ಟು, ಹಪ್ಪಳದ ಹಾಗೆ ಸುರುಳಿಯಾಗಿ ಕೆಳಗೆ ಬಿತ್ತು. ಆಮೇಲೆ ಮುರಿದ ಕಿಟಕಿಯ ಅಲ್ಯೂಮಿನಿಯಂ ಪಟ್ಟಿ ಹುಡುಕಿ ಅದರ ಮೇಲೆ ಅಂಟಿಸಿದೆ. ಕಾವನ್ನು ಅದು ಎಳೆದುಕೊಂಡಿತು. ಬೆಳಕು ಕಣ್ಣಿಗೆ ಚುಚ್ಚಬಾರದೆಂದು ಎಣ್ಣೆಯ ಬಿಳಿ ಕ್ಯಾನ್ ಕತ್ತರಿಸಿ ಮೇಲೊಂದು ಹೊದಿಕೆ ಮಾಡಿದೆ. ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ ಅತ್ತೆಯ ಎಡಗಡೆಯ ಕಂಬಕ್ಕೆ ಕಟ್ಟಿದೆ. ಸ್ವಿಚ್ ಒತ್ತಿದ ಕೂಡಲೇ ಕೌದಿಯ ಮೇಲೆ ಹಾಲು ಚೆಲ್ಲಿದಂಥ ಬೆಳಕು. ನೆರಳೇ ಇಲ್ಲ! ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಬೇಕೆನಿಸಿತು.

ಅತ್ತೆ ಕೌದಿ ಬಿಚ್ಚಿ ಕುಳಿತರು. ತಲೆ ಬಗ್ಗಿಸಿ ಹೊಲಿದರು. ಒಳಗೆ ಕೂಸು ಅತ್ತಾಗ ಸೂಜಿ ಚುಚ್ಚಿಟ್ಟು ಏಳುತ್ತ, "ಯವ್ವಾ, ಸಾಕು. ದೊಡ್ಡದು ಮಾಡು" ಎಂದು ಒಳಗೆ ಹೋದರು.

ನನ್ನ ಮುಖ ಸಣ್ಣದಾಯಿತು. ಇಷ್ಟು ಒದ್ದಾಡಿ ಮಾಡಿದರೆ ಸಣ್ಣದಾಯಿತಂತೆ! ಆಗಲಿ, ದೊಡ್ಡದೇ ಮಾಡಿ ತೋರಿಸುತ್ತೇನೆ ಎಂದುಕೊಂಡು ಅಲ್ಲೇ ಬಿಚ್ಚಿ ಹಾಕಿದೆ. ನೇಸರಗಿಯ ಗುಜರಿಯವನ ಹತ್ತಿರ ನೀರಿನ ಪೈಪಿನ ತುಂಡು ತಂದು ಉದ್ದಕ್ಕೆ ಸೀಳಿ, ಬಿಸ್ಕಿಟ್ ಪ್ಯಾಕೆಟ್ಟಿನ ಮಿರುಗುವ ಕಾಗದವನ್ನು ಒಳಗೆ ಮೆತ್ತಿ, ಇನ್ನೊಂದು ಪಟ್ಟಿ ಸೇರಿಸಿದೆ. ಅದನ್ನು ಮಾಡಿ ಮುಗಿಸುವವರೆಗೆ ಕೌದಿ ಒಂದು ಗೇಣೂ ಮುಂದೆ ಹೋಗಲಿಲ್ಲ. ಅತ್ತೆ ದಾರ ಪೋಣಿಸಿಕೊಂಡು ಕಾಯುತ್ತಿದ್ದರು. ಅದು ಉರಿದ ಸಂಜೆಯೂ ಒಂದಿಷ್ಟು ಹೊಲಿದು ಎದ್ದರು. "ದೊಡ್ಡದು ಮಾಡವಾ" ಎಂದರು.

ನನಗೆ ತಲೆ ಕೆಟ್ಟಿತು. ತೊಟ್ಟಿಲ ದಿನ ಬಾಗಿಲಿಗೆ ಬಂದು ನಿಂತಿದೆ, ಇವರಿಗೆ ನನ್ನ ದೀಪ ಕಣ್ಣಿಗೇ ಹತ್ತುತ್ತಿಲ್ಲ. ಅಟ್ಟದ ಮೇಲೆ ತಳ ಸವೆದ ಬಿದಿರಿನ ಮೊರವೊಂದಿತ್ತು. ಅದಕ್ಕೆ ಒಳಗೆಲ್ಲ ಮಿರುಗುವ ಕಾಗದ ಹಚ್ಚಿ, ಅಡ್ಡಡ್ಡ ಅಲ್ಯೂಮಿನಿಯಂ ತುಂಡು ಕೂರಿಸಿ, ಉಳಿದ ಪಟ್ಟಿಗಳನ್ನೆಲ್ಲ ಸುತ್ತಿ, ಜಂತಿಗೆ ತೂಗುಹಾಕಿ ಸ್ವಿಚ್ ಒತ್ತಿದೆ. ಪಡಸಾಲೆ ಝಗ್ಗೆಂದಿತು. ನಾವೆಲ್ಲ ಕಾಕು ಎಂದು ಕರೆಯುವ ಎದುರು ಮನೆಯ ಹೆಂಗಸು ಹೊಸ್ತಿಲಲ್ಲಿ ನಿಂತು, "ಇದೇನ್ರಿ, ಮದುವಿ ಹಂದರ ಹಾಕೀರಿ?" ಎಂದರು.

ಅತ್ತೆ ಸೆರಗಿನಿಂದ ಕಣ್ಣು ಮುಚ್ಚಿಕೊಂಡರು. "ಅಯ್ಯ ನಮ್ಮವ್ವ! ಕಣ್ಣ ಕುಕ್ಕತೈತಿ. ಮೊರದಾಗ ಜ್ವಾಳ ಕೇರೂದ ಬಿಟ್ಟು ಏನ್ ಮಾಡೀದಿ ಇದು?"

"ನೀವ ಅಂದ್ರಲ್ರಿ ಅತ್ತಿ! ಹಚ್ಚಿದಾಗೊಮ್ಮೆ ದೊಡ್ಡದು ಮಾಡು, ದೊಡ್ಡದು ಮಾಡು ಅಂತ!" ಎಂದು ನಾನು ಒದರಿಬಿಟ್ಟೆ.

ಅತ್ತೆ ನನ್ನ ಮುಖ ನೋಡಿದರು, ಮೊರವನ್ನು ನೋಡಿದರು. ಆಮೇಲೆ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಕಂಬಕ್ಕೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಬರುವ ತನಕ ನಕ್ಕರು. ಎದುರು ಮನೆಯ ಕಾಕುವೂ ಸೇರಿಕೊಂಡರು. ಒಳಗಿನಿಂದ ಬಾಣಂತಿ, "ಏನಾತ ಬೇ?" ಎಂದು ಕೂಗಿದಳು.

"ದೀಪಾ ಆರಸು ಅಂತ ಹೆಂಗ ಅನ್ನಲಿ ಯವ್ವಾ, ಮನ್ಯಾಗ ಕೂಸ ಐತಿ" ಎಂದರು ಅತ್ತೆ, ಕಣ್ಣು ಒರೆಸಿಕೊಳ್ಳುತ್ತ.

ಆಗ ನನ್ನ ತಲೆಗೆ ಹೊಳೆಯಿತು. ದೇವರ ಮುಂದಿನ ಹಣತೆಗೆ ನಮ್ಮವ್ವ ಕೂಡ ದೊಡ್ಡದು ಮಾಡು ಎಂದೇ ಅನ್ನುತ್ತಿದ್ದಳು. ಆರಿಸು ಎಂಬುದು ಅಪಶಕುನದ ಮಾತು, ಅದಕ್ಕೇ ಉರಿಯುವ ದೀಪವನ್ನು ದೊಡ್ಡದು ಮಾಡು ಎನ್ನುವುದು. ಇದು ಗೊತ್ತಿಲ್ಲದವಳೇನಲ್ಲ ನಾನು. ಆದರೆ ಕರೆಂಟಿನ ದೀಪಕ್ಕೆ ಯಾರೂ ಹಾಗನ್ನುವುದಿಲ್ಲ. ಇದೇ ಅತ್ತೆ ಟ್ಯೂಬ್‌ಲೈಟಿಗೆ ದಿನವೂ "ಬಂದ್ ಮಾಡು" ಎನ್ನುತ್ತಾರೆ.

"ಟ್ಯೂಬ್‌ಲೈಟಿಗೆ ಬಂದ್ ಮಾಡು ಅಂತೀರಿ. ಇದಕ್ಕ ಯಾಕ್ರಿ ದೊಡ್ಡದು?" ಎಂದು ಕೇಳಿದೆ.

"ಅದು ಅಂಗಡಿಯಿಂದ ಬಂದದ್ದು. ಇದು ನೀ ಕೈಲೆ ಮಾಡಿದ್ದಲ್ಲೇನ? ಮನ್ಯಾಗ ಹುಟ್ಟಿದ ದೀಪಕ್ಕ ಬಂದ್ ಅಂತಾರೇನ?"

ನಾನು ಸ್ಟೂಲು ಹತ್ತಿ ಮೊರ ಬಿಚ್ಚುತ್ತ ನಿಂತೆ. ಅಷ್ಟು ದಿನ ಹಲ್ಲು ಕಡಿದುಕೊಂಡು ಕೇಳಿದ ಮಾತು ಈ ಮನೆಯಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಮರ್ಯಾದೆಯಾಗಿತ್ತು. ಎಷ್ಟು ಖುಷಿಯಾಯಿತೆಂದರೆ ಸ್ಟೂಲಿನಿಂದ ಇಳಿಯುವುದೂ ಮರೆತಿತ್ತು.

ಎಣ್ಣೆ ಕ್ಯಾನಿನ ಮೊದಲ ದೀಪವನ್ನೇ ಮತ್ತೆ ಜೋಡಿಸಿ ಕಂಬಕ್ಕೆ ಸಿಕ್ಕಿಸಿದೆ. ಅದರ ಕೆಳಗೆ ಅತ್ತೆ ಹೊಲಿದರು, ನಾನು ಪಕ್ಕದಲ್ಲಿ ಕುಳಿತು ಸೂಜಿಗೆ ದಾರ ಪೋಣಿಸಿ ಕೊಟ್ಟೆ. ತೊಟ್ಟಿಲ ಹಿಂದಿನ ಸಂಜೆ ಕೊನೆಯ ಮೂಲೆಯ ಹೊಲಿಗೆ ಮುಗಿಯಿತು.

ಕೂಸು ಕೌದಿಯ ಮೇಲೆ ಮಲಗಿ, ಹೆಸರಿಡಿಸಿಕೊಂಡು, ಎಲ್ಲರ ಕೈಯಿಂದ ಸಕ್ಕರೆ ಹಂಚಿಸಿತು. ಕೆಲವು ವಾರಗಳ ಮೇಲೆ ಸವದತ್ತಿಗೆ ಹೊರಡುವಾಗ ನಾದಿನಿ ಕೌದಿಯನ್ನು ಚೀಲಕ್ಕೆ ತುಂಬಿಕೊಂಡು ಕಂಬದ ಕಡೆ ಕೈ ಚಾಚಿದಳು.

"ಯವ್ವಾ, ಈ ದೀಪಾನೂ ಒಯ್ಲೇನ? ರಾತ್ರಿ ಕೂಸಿಗೆ ಬೇಕಾಗತೈತಿ."

ಅತ್ತೆ ಥಟ್ಟನೆ ಅವಳ ಕೈ ಹಿಡಿದರು. "ಕೌದಿ ಒಯ್ಯಿ, ಬೇಕಂದ್ರ ನನ್ನ ಸೀರಿ ಒಯ್ಯಿ. ಮನಿ ದೀಪಾ ಹೊರಗ ಕೊಡೂದಿಲ್ಲ."

ಆಮೇಲೆ ನನ್ನ ಕಡೆ ತಿರುಗಿ, "ಆಕಿಗೆ ಬ್ಯಾರೇದೊಂದು ಮಾಡಿ ಕೊಡವಾ" ಎಂದರು.

"ಎಷ್ಟು ದೊಡ್ಡದು ಮಾಡ್ಲಿರಿ?" ಎಂದೆ.